ಬ್ಯಾಗ್ ಕಟ್ಟುವ ಮೊದಲು ಓದು

ಪುಟ್ಟೀ,

ನಕ್ಷೆ, ಕಂಪಾಸ್ ಹಿಡಿದು ತಂಡವಾಗಿ ಗುಡ್ಡ ಸುತ್ತಿ, ಅಂಕವಿರುವ ಚೆಕ್‌ಪಾಯಿಂಟ್ ಬಾವುಟಗಳನ್ನು ಹುಡುಕುವ ನಿನ್ನ ರೋಗೇನಿಂಗ್ ಓಟದ ಬಗ್ಗೆ ನಿನ್ನೆ ಫೋನಿನಲ್ಲಿ ನೀನು ಅಂದ ಮಾತು ಇನ್ನೂ ಕಿವಿಯಲ್ಲೇ ಇದೆ. 'ಹೋದ ಸಲ ಗೆಳತಿಯರು ನನಗೋಸ್ಕರ ಓಟ ಬಿಟ್ಟು ಸುಮ್ನೆ ವಾಪಸ್ ಬಂದ್ರು. ಈ ಸಲ ಅದೆಲ್ಲ ನಡೆಯಲ್ಲ' ಅಂದೆ. ನಾನು ದನಿ ಏರಿಸಿದೆ, ನೀನು ಫೋನ್ ಇಟ್ಟೆ. ದನಿ ಏರಿಸಿದ್ದಕ್ಕೆ ಬೇಜಾರಿದೆ. ಹೇಳಿದ ವಿಷಯಕ್ಕೆ ಇಲ್ಲ.

ಸುಮ್ನೆ ಬಂದ್ರಾ? ಅವತ್ತು ಓಟಗಾರರಿಗೆ ಊಟ ಕೊಡುವ ಶಿಬಿರದಲ್ಲಿ, ಅದೇ ನಿಮ್ಮ ಹ್ಯಾಶ್ ಹೌಸಿನಲ್ಲಿ, ಸೌಟು ಹಿಡಿದು ನಿಂತಿದ್ದವಳು ನಾನು. ಮಳೆಯಲ್ಲಿ ನಿಮ್ಮ ಹೆಡ್‌ಲ್ಯಾಂಪುಗಳು ಇಳಿದು ಬರುವುದನ್ನು ಮೊದಲು ನೋಡಿದವಳೂ ನಾನೇ. ನೀನು ಜಾಕೆಟ್ಟಿನ ಜಿಪ್ ಹಿಡಿದು ನಿಂತೆ. ಎಳೆಯುತ್ತೀಯ, ಬೆರಳು ಜಾರುತ್ತದೆ. ಮತ್ತೆ ಹಿಡಿಯುತ್ತೀಯ, ಮತ್ತೆ ಜಾರುತ್ತದೆ. 'ನಂಗೇನೂ ಆಗಿಲ್ಲಮ್ಮ' ಅಂದೆ, ಆದರೆ ನಾಲಿಗೆ ತೊದಲುತ್ತಿತ್ತು. ನಡುಗುತ್ತಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ನೀನು ನಡುಗುವುದನ್ನೇ ನಿಲ್ಲಿಸಿದ್ದೆ. ಅಷ್ಟರಲ್ಲೂ ಗುಡ್ಡದ ಆಚೆ ಬಿಟ್ಟುಬಂದ 90 ಅಂಕದ ಚೆಕ್‌ಪಾಯಿಂಟಿಗಾಗಿ ಗೆಳತಿಯರ ಮೇಲೆ ಸಿಡುಕುತ್ತಿದ್ದೆ!

ಆ ಸಿಡುಕೂ ಚಳಿಯದೇ ಕೆಲಸ. ಮೈಯ ಬಿಸಿ 35 ಡಿಗ್ರಿಗಿಂತ ಕೆಳಗಿಳಿದರೆ ಮೊದಲು ಕೈ ಎಡವುತ್ತದೆ, ಆಮೇಲೆ ಮಾತು, ಕಾಲು, ಕೊನೆಗೆ ಬುದ್ಧಿ. ಬುದ್ಧಿಯೇ ಮಂಕಾದ ಮೇಲೆ ತನಗೇನಾಗಿದೆ ಅಂತ ಆ ಮನುಷ್ಯನಿಗೆ ಗೊತ್ತಾಗುವುದಾದರೂ ಹೇಗೆ? ಪಕ್ಕದವರೇ ನೋಡಬೇಕು. ನಿನ್ನ ಗೆಳತಿಯರು ನೋಡಿದರು. ನಿನ್ನ ಕೈಯಿಂದ ನಕ್ಷೆ ಕಿತ್ತುಕೊಂಡರಂತಲ್ಲ, ಅದಕ್ಕೆ ನಾನು ಅವರಿಗೆ ಋಣಿ.

1976ರಲ್ಲಿ ಆಸ್ಟ್ರೇಲಿಯಾದಲ್ಲಿ ಈ ಆಟಕ್ಕೆ ರೋಗೇನಿಂಗ್ ಅಂತ ಹೆಸರಿಟ್ಟವರು ನಿಯಮ ಮಾಡುವಾಗ ಇದನ್ನೆಲ್ಲ ಯೋಚಿಸಿಯೇ ಇರಬೇಕು. ತಂಡದಲ್ಲಿ ಇಬ್ಬರಿಂದ ಐದು ಜನ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ ಎಲ್ಲರೂ ಇರಬೇಕು. ಚೆಕ್‌ಪಾಯಿಂಟಿಗೆ ಒಬ್ಬಳು ಓಡಿಹೋಗಿ, ತಲುಪಿದ ಗುರುತಿಗೆ ಪಂಚ್ ಮಾಡಿ ಬರುವ ಹಾಗಿಲ್ಲ, ಎಲ್ಲರೂ ಹೋಗಬೇಕು. ಒಬ್ಬಳಿಗೆ ಆಗದಿದ್ದರೆ ಇಡೀ ತಂಡ ಹಿಂದಿರುಗಬೇಕು. ನಿನಗೆ ಇದು ಕಾಲಿಗೆ ಕಟ್ಟಿದ ಕಲ್ಲು. ನನಗೆ ನಿದ್ದೆ ಬರುವುದೇ ಈ ಒಂದು ನಿಯಮದಿಂದ.

ನೀನು ನಕ್ಷೆ ಓದುವುದನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ, ಗೊತ್ತಾ? ಮಂಜಿನಲ್ಲಿ ಎರಡು ತೊರೆ ಸೇರುವ ಜಾಗ ಹಿಡಿದು, ಅಲ್ಲಿಂದ ಕಂಪಾಸ್ ಇಟ್ಟು, ಹೆಜ್ಜೆ ಎಣಿಸಿ ನೇರ ಬಾವುಟದ ಮುಂದೆ ನಿಂತವಳು ನೀನು. ನಾನಾಗಿದ್ದರೆ ಪಕ್ಕದ ಕಣಿವೆಯಲ್ಲಿ ಹುಡುಕುತ್ತಿರುತ್ತಿದ್ದೆ. ನಿನ್ನ ಗೆಳತಿಯರೂ ನಿನ್ನನ್ನು ನಂಬಿಯೇ ಹಿಂದೆ ಬರುತ್ತಾರೆ. ಅದಕ್ಕೇ ಹೇಳುತ್ತಿದ್ದೇನೆ: ದಾರಿ ತೋರಿಸುವವಳೇ ಚಳಿ ಮುಚ್ಚಿಟ್ಟರೆ ಎಲ್ಲರ ದಾರಿಯೂ ತಪ್ಪುತ್ತದೆ. ಕಾಲಲ್ಲಿ ಬೊಬ್ಬೆ ಎದ್ದರೆ ಹೇಳು. ವಾಂತಿ ಬರುವ ಹಾಗಾದರೆ ಹೇಳು. ಬೆವರಿ ಒದ್ದೆಯಾದ ಮೇಲೆ ಗುಡ್ಡದ ತುದಿಯಲ್ಲಿ ಕೂತು ನಕ್ಷೆ ಬಿಡಿಸಬೇಡ, ಗಾಳಿ ಮರೆಗೆ ಇಳಿ. ಜಾಕೆಟ್ ಹಾಕಿಕೊಳ್ಳಬೇಕಾದ್ದು ಚಳಿ ಹತ್ತಿದ ಮೇಲಲ್ಲ, ನಿಂತ ಕೂಡಲೇ. ಹೂಂ, ಭಾಷಣ ಶುರುವಾಯಿತು, ಗೊತ್ತು. ಇನ್ನೊಂದೇ.

ಕೊನೆಯ ಗಂಟೆಯಲ್ಲಿ ಆಸೆ ಬೀಳಬೇಡ. ವಾಪಸ್ ಬರುವುದು ತಡವಾದರೆ ನಿಮಿಷಕ್ಕೆ 10 ಅಂಕ ಹೋಗುತ್ತದೆ, 30 ನಿಮಿಷ ಮೀರಿದರೆ ಸ್ಥಾನವೇ ಸಿಗುವುದಿಲ್ಲ. ಲೆಕ್ಕ ನಿನಗೇ ಚೆನ್ನಾಗಿ ಗೊತ್ತು. ಆದರೂ 24 ಗಂಟೆ ನಿದ್ದೆಗೆಟ್ಟ ತಲೆ ಲೆಕ್ಕದಲ್ಲಿ ಸುಳ್ಳು ಹೇಳುತ್ತದೆ, ಅಲ್ವಾ?

ಈ ಸಲ ನಾನು ಬರುತ್ತಿಲ್ಲ. ಬಂದರೆ ನಿನ್ನ ಮುಖವನ್ನೇ ನೋಡುತ್ತಾ ನಿಲ್ಲುತ್ತೇನೆ, ನಿನಗೆ ಅದು ಕಿರಿಕಿರಿ. ನಿನ್ನ ಗೆಳತಿಯರಿಗೆ ಮಾತ್ರ ಒಂದು ಮೆಸೇಜ್ ಹಾಕಿದ್ದೇನೆ. ಕತ್ತಲಾದ ಮೇಲೆ ಗಂಟೆಗೊಮ್ಮೆ ನಿನ್ನ ಕೈಲಿ ಜಿಪ್ ಹಾಕಿಸಿ ನೋಡಿ ಅಂತ. ಬೈಯುವುದಿದ್ದರೆ ನನಗೆ ಬೈಯಿ, ಅವರಿಗಲ್ಲ. ಅದೂ ಓಟ ಮುಗಿದ ಮೇಲೆ. ಈಗ ಹೆಡ್‌ಲ್ಯಾಂಪಿಗೆ ಇನ್ನೊಂದು ಜೊತೆ ಬ್ಯಾಟರಿ ತೆಗೆದಿಟ್ಟು ಮಲಗು.

ಅಮ್ಮ