ಒಂದು ಆರ್ಡರ್ ಕೊಟ್ಟೆ, ಎರಡು ಹೋಯಿತು

ಷೇರು ಬ್ರೋಕರ್ ಕಂಪನಿಯ ದೂರು ವಿಭಾಗದವರಿಗೆ ನಮಸ್ಕಾರ.

ವಿಷಯ: ಎಪಿಐ (ನನ್ನ ಪ್ರೋಗ್ರಾಮ್ ನೇರವಾಗಿ ನಿಮ್ಮ ಸರ್ವರ್‌ಗೆ ಆರ್ಡರ್ ಕಳಿಸುವ ದಾರಿ) ಮೂಲಕ ಕೊಟ್ಟ ಷೇರು ಖರೀದಿ ಆರ್ಡರ್ ಎರಡು ಸಲ ಎಕ್ಸ್‌ಚೇಂಜ್‌ಗೆ, ಅಂದರೆ ಷೇರು ಮಾರುಕಟ್ಟೆಗೆ, ಹೋಗಿ ಆದ ನಷ್ಟದ ಬಗ್ಗೆ

ನಿಮ್ಮ ಆಪ್‌ನಲ್ಲಿ ಕನ್ನಡ ಇದೆ, ಜಾಹೀರಾತೂ ಕನ್ನಡದಲ್ಲೇ ಬರುತ್ತದೆ, ಹಾಗಾಗಿ ದೂರನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ದಯವಿಟ್ಟು ಓದಲು ಬರುವವರ ಕೈಗೆ ಕೊಡಿ. ಇದೇ ವಿಷಯವನ್ನು ಒಮ್ಮೆ ಚಾಟ್‌ನಲ್ಲಿ, ಒಮ್ಮೆ ಫೋನ್‌ನಲ್ಲಿ, ಒಮ್ಮೆ ಇಮೇಲ್‌ನಲ್ಲಿ ಹೇಳಿದ್ದಾಯಿತು. ಮೂರು ಸಲವೂ ಒಂದೇ ಉತ್ತರ: ನಿಮ್ಮ ಪ್ರೋಗ್ರಾಮ್ ಎರಡು ಆರ್ಡರ್ ಕಳಿಸಿದೆ, ನಾವು ಎರಡನ್ನೂ ಹಾಕಿದ್ದೇವೆ, ಟಿಕೆಟ್ ಕ್ಲೋಸ್. ಆ ಉತ್ತರ ಪೂರ್ತಿ ಸುಳ್ಳಲ್ಲ. ಆದರೆ ಅರ್ಧ ಕಥೆ ಅದರಲ್ಲಿ ಇಲ್ಲ. ಆ ಅರ್ಧ ಇಲ್ಲಿದೆ.

ಮೊದಲು ನಾನು ಯಾರು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಫೋನ್‌ನಲ್ಲಿ ಮಾತಾಡಿದವರು ನಾನು ಸೆಕೆಂಡಿಗೆ ನೂರಾರು ಆರ್ಡರ್ ಹಾಕುವ ಯಾವುದೋ ದೊಡ್ಡ ಕಂಪನಿ ನಡೆಸುತ್ತೇನೆ ಅಂದುಕೊಂಡಂತೆ ಇತ್ತು. ದಾವಣಗೆರೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಬೆಳಿಗ್ಗೆ 9ರಿಂದ 10:30ರ ತನಕ ಕಾಲೇಜು ಹುಡುಗರ ನೂಕುನುಗ್ಗಲು, ಪ್ರಾಜೆಕ್ಟ್ ರಿಪೋರ್ಟು, ಹಾಲ್ ಟಿಕೆಟ್ಟು, ಲ್ಯಾಬ್ ರೆಕಾರ್ಡು. ಮಾರುಕಟ್ಟೆ ತೆರೆಯುವುದೂ ಅದೇ ಹೊತ್ತಿಗೆ, 9:15ಕ್ಕೆ. ಎರಡು ಕೈಯಲ್ಲಿ ಎರಡು ಕೆಲಸ ಆಗುವುದಿಲ್ಲ ಅಂತಲೇ ಹಿಂದೆ ಕಲಿತ ಡಿಪ್ಲೊಮಾವನ್ನು ಧೂಳು ಕೊಡವಿ ಎತ್ತಿಕೊಂಡು, ಪೈಥಾನ್‌ನಲ್ಲಿ ಒಂದು ಚಿಕ್ಕ ಪ್ರೋಗ್ರಾಮ್ ಬರೆದುಕೊಂಡೆ. 9:20ಕ್ಕೆ ಒಂದು ಷೇರು ನೋಡುತ್ತದೆ, ಲೆಕ್ಕಕ್ಕೆ ಬಂದರೆ ಕೊಳ್ಳುತ್ತದೆ, ತಕ್ಷಣ ಅದಕ್ಕೆ ಸ್ಟಾಪ್‌ಲಾಸ್ ಇಡುತ್ತದೆ, ಅಂದರೆ ಬೆಲೆ ಇಂತಿಷ್ಟಕ್ಕೆ ಇಳಿದರೆ ತಾನಾಗಿ ಮಾರುವ ಆರ್ಡರ್. ದಿನಕ್ಕೆ ಹೆಚ್ಚೆಂದರೆ ನಾಲ್ಕು ಆರ್ಡರ್, ಅಷ್ಟೇ.

ನೀವು ಕೇಳಿದ್ದನ್ನೆಲ್ಲ ಮಾಡಿದ್ದೇನೆ. ಬದಲಾಗದ ಐಪಿ ವಿಳಾಸ ಬೇಕು ಎಂದಿರಿ. ನನ್ನ ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಅದು ಇಲ್ಲ, ಹಾಗಾಗಿ ತಿಂಗಳ ಬಾಡಿಗೆಗೆ ಒಂದು ಕ್ಲೌಡ್ ಸರ್ವರ್ ತೆಗೆದುಕೊಂಡೆ, ಅದರ ವಿಳಾಸ ನಿಮ್ಮಲ್ಲಿ ನೋಂದಾಯಿಸಿದೆ. ದಿನಾ ಬೆಳಿಗ್ಗೆ ಹೊಸದಾಗಿ ಲಾಗಿನ್, ಮೊಬೈಲ್‌ನ ಆರಂಕಿ ಕೋಡ್, ಹೊಸ ಟೋಕನ್. ಕಿರಿಕಿರಿಯೇ, ಆದರೂ ನಿಯಮ ನಿಯಮ, ಗೊಣಗಲಿಲ್ಲ.

ಈಗ ಕಳೆದ ಮಂಗಳವಾರದ ಕಥೆಗೆ ಬರೋಣ.

ಬೆಳಿಗ್ಗೆ 9:20 ಆಗಿ ಎರಡು ಸೆಕೆಂಡ್‌ಗೆ ನನ್ನ ಪ್ರೋಗ್ರಾಮ್ ಒಂದು ಸರ್ಕಾರಿ ಬ್ಯಾಂಕಿನ 400 ಷೇರು ಕೊಳ್ಳಲು ಆರ್ಡರ್ ಕಳಿಸಿತು, ಇಂಟ್ರಾಡೇ, ಅಂದರೆ ಅವತ್ತು ಕೊಂಡದ್ದನ್ನು ಅವತ್ತೇ ಮಾರುವುದು. ಉತ್ತರ ಬರಲಿಲ್ಲ. ಮೂವತ್ತು ಸೆಕೆಂಡ್ ಕಾದ ಮೇಲೆ ನಿಮ್ಮ ಸರ್ವರ್‌ನಿಂದ 504 ಅಂತ ಬಂತು, ಅಂದರೆ ಟೈಮ್‌ಔಟ್. ಆರ್ಡರ್ ನಂಬರ್ ಇಲ್ಲ. ಸ್ವೀಕರಿಸಿದ್ದೇವೆ ಅಂತಲೂ ಇಲ್ಲ, ತಿರಸ್ಕರಿಸಿದ್ದೇವೆ ಅಂತಲೂ ಇಲ್ಲ.

ಇಲ್ಲಿ ಮೂರ್ಖನಂತೆ ಕಣ್ಣುಮುಚ್ಚಿ ಇನ್ನೊಂದು ಆರ್ಡರ್ ಒಗೆಯುವ ಪ್ರೋಗ್ರಾಮ್ ನನ್ನದಲ್ಲ. ಟೈಮ್‌ಔಟ್ ಆದರೆ ಮೊದಲು ಆರ್ಡರ್ ಬುಕ್ (ಗ್ರಾಹಕನ ಅವತ್ತಿನ ಆರ್ಡರ್‌ಗಳ ಪಟ್ಟಿ) ನೋಡಿ, ಅಲ್ಲಿ ಇಲ್ಲದಿದ್ದರೆ ಮಾತ್ರ ಮತ್ತೆ ಕಳಿಸಿ ಅಂತ ನಿಮ್ಮ ಎಪಿಐ ಕೈಪಿಡಿಯಲ್ಲೇ ಬರೆದಿದ್ದೀರಿ. ಅದನ್ನೇ ಮಾಡಿದೆ. 9:20:34ಕ್ಕೆ ಆರ್ಡರ್ ಬುಕ್ ಕೇಳಿದರೆ ನಿಮ್ಮ ಸರ್ವರ್ ಕೊಟ್ಟದ್ದು ಖಾಲಿ ಪಟ್ಟಿ. ಎರಡು ಸೆಕೆಂಡ್ ಬಿಟ್ಟು ಇನ್ನೊಮ್ಮೆ ಕೇಳಿದರೂ ಖಾಲಿ. ಹಾಗಾದರೆ ಆರ್ಡರ್ ಹೋಗಿಲ್ಲ ಅಂತಲೇ ಅರ್ಥ, ಅಲ್ವಾ? ಪ್ರೋಗ್ರಾಮ್ ಮತ್ತೆ ಕಳಿಸಿತು. ಈ ಸಲ ನಂಬರ್ ಬಂತು, 812.60ಕ್ಕೆ ಖರೀದಿ ಆಯಿತು, 807ಕ್ಕೆ ಟ್ರಿಗರ್ ಇಟ್ಟು 400 ಷೇರಿಗೆ ಸ್ಟಾಪ್‌ಲಾಸ್ ಕೂಡ ಕೂತಿತು. ನನಗೂ ಪ್ರೋಗ್ರಾಮ್‌ಗೂ ಗೊತ್ತಿದ್ದದ್ದು ಇಷ್ಟೇ.

ಗೊತ್ತಿಲ್ಲದ್ದು ಏನೆಂದರೆ, ಮೊದಲ ಆರ್ಡರ್ ಕೂಡ ಹೋಗಿತ್ತು. ಸಂಜೆ ನೀವೇ ಕಳಿಸಿದ ಕಾಂಟ್ರಾಕ್ಟ್ ನೋಟ್ (ಅವತ್ತಿನ ವ್ಯವಹಾರದ ಲೆಕ್ಕಪತ್ರ) ನೋಡಿ. ಮೊದಲ ಆರ್ಡರ್‌ನ ಸಮಯ 9:20:03, ಬೆಲೆ 812.40, ಷೇರು 400. ಅಂದರೆ ಒಂದೇ ಸೆಕೆಂಡ್‌ನಲ್ಲಿ ಎಕ್ಸ್‌ಚೇಂಜ್ ಮುಟ್ಟಿ ಷೇರು ಕೂಡ ಸಿಕ್ಕಿತ್ತು. ಅದಾಗಿ ಅರ್ಧ ನಿಮಿಷ ಕಳೆದ ಮೇಲೂ ನಿಮ್ಮ ಆರ್ಡರ್ ಬುಕ್ ನನಗೆ "ಏನೂ ಇಲ್ಲ" ಎನ್ನುತ್ತಿತ್ತು. ನನ್ನ ದೂರು ಇರುವುದೇ ಈ ಜಾಗದಲ್ಲಿ. ಟೈಮ್‌ಔಟ್ ಯಾರಿಗಾದರೂ ಆಗುತ್ತದೆ, ಅದಕ್ಕೆ ಜಗಳ ಆಡುವುದಿಲ್ಲ. ಟೈಮ್‌ಔಟ್ ಆದಾಗ ನೋಡು ಅಂತ ನೀವೇ ತೋರಿಸಿದ ಪುಸ್ತಕವೇ ಸುಳ್ಳು ಹೇಳಿದರೆ ನಾನು ಇನ್ನೆಲ್ಲಿ ನೋಡಲಿ?

ನನ್ನ ಅಂಗಡಿಯಲ್ಲಿ ದಿನಾ ಯುಪಿಐ ಸಿಕ್ಕಿಹಾಕಿಕೊಳ್ಳುತ್ತದೆ. ಹತ್ತು ರೂಪಾಯಿ ಜೆರಾಕ್ಸಿಗೆ ದುಡ್ಡು ಕಳಿಸಿದ ಹುಡುಗನ ಫೋನ್‌ನಲ್ಲಿ ಪೆಂಡಿಂಗ್ ಅಂತ ಬರುತ್ತದೆ. "ಮತ್ತೆ ಕಳಿಸಬೇಡಪ್ಪ, ಸ್ವಲ್ಪ ತಡಿ" ಅನ್ನುತ್ತೇನೆ. ಪೆಂಡಿಂಗ್ ಅನ್ನುವ ಒಂದು ಮಾತು ಇದ್ದಿದ್ದಕ್ಕೇ ಅವನ ಹತ್ತು ರೂಪಾಯಿ ಉಳಿಯುತ್ತದೆ. ಮೂರು ಲಕ್ಷದ ಆರ್ಡರ್‌ಗೆ ನಿಮ್ಮಲ್ಲಿ ಆ ಒಂದು ಮಾತು ಇಲ್ಲ.

ಮುಂದಿನದ್ದು ಬೇಗ ಹೇಳುತ್ತೇನೆ. ಷೇರು ಬಿತ್ತು. 11 ಗಂಟೆ ದಾಟಿದ ಮೇಲೆ ಸ್ಟಾಪ್‌ಲಾಸ್ ಹೊಡೆದು 400 ಷೇರು 806.90ಕ್ಕೆ ಹೋದವು. ಮೆಸೇಜ್ ನೋಡಿದೆ, ಸರಿ, ಇವತ್ತಿನದು ಮುಗಿಯಿತು ಅಂದುಕೊಂಡು ಟೋನರ್ ಬದಲಿಸಲು ಹೋದೆ. ಉಳಿದ 400 ಷೇರು ಯಾವ ಸ್ಟಾಪ್‌ಲಾಸೂ ಇಲ್ಲದೆ ನನ್ನ ಖಾತೆಯಲ್ಲಿ ಮಧ್ಯಾಹ್ನದ ತನಕ ಇಳಿಯುತ್ತಾ ಕೂತಿದ್ದವು. 3:20ಕ್ಕೆ ನಿಮ್ಮ ಸಿಸ್ಟಮ್ ಅವನ್ನು 791.30ಕ್ಕೆ ತಾನಾಗಿ ಮಾರಿ ಸ್ಕ್ವೇರ್ ಆಫ್ ಮಾಡಿತು, ಅದಕ್ಕೊಂದು ದಂಡವನ್ನೂ ಹಾಕಿತು. ಖಾತೆಯಲ್ಲಿ 1.45 ಲಕ್ಷ ಇತ್ತು, ಶೇಕಡಾ 20ರ ಮಾರ್ಜಿನ್ (ಆರ್ಡರ್ ಮೊತ್ತದಲ್ಲಿ ಖಾತೆಯಲ್ಲಿ ಮೊದಲೇ ಇರಬೇಕಾದ ಪಾಲು) ಲೆಕ್ಕದಲ್ಲಿ ಎರಡೂ ಆರ್ಡರ್‌ಗೆ ಸಾಕಾಯಿತು. ಖಾತೆಯಲ್ಲಿ ಒಂದು ಲಕ್ಷವೇ ಇದ್ದಿದ್ದರೆ ಎರಡನೆಯ ಆರ್ಡರ್‌ಗೆ ಮಾರ್ಜಿನ್ ಸಾಲದೆ ಅದು ಅಲ್ಲೇ ಬಿದ್ದುಹೋಗುತ್ತಿತ್ತು, ವಿಷಯ ನನಗೂ ಆಗಲೇ ಗೊತ್ತಾಗುತ್ತಿತ್ತು. ದುಡ್ಡು ಜಾಸ್ತಿ ಇಟ್ಟಿದ್ದೇ ತಪ್ಪಾಯಿತು ನೋಡಿ.

ನನ್ನ ತಪ್ಪು ಒಂದಿದೆ, ಒಪ್ಪುತ್ತೇನೆ. ಆರ್ಡರ್ ಬುಕ್ ಮಾತ್ರ ನಂಬಿದೆ, ಪೊಸಿಷನ್ ಪಟ್ಟಿಯನ್ನು (ಕೈಯಲ್ಲಿ ನಿಜಕ್ಕೂ ಎಷ್ಟು ಷೇರು ಇವೆ ಅನ್ನುವ ಪಟ್ಟಿ) ಪ್ರೋಗ್ರಾಮ್ ನೋಡುತ್ತಿರಲಿಲ್ಲ. ಈಗ ನೋಡುತ್ತದೆ, ಅವತ್ತು ರಾತ್ರಿಯೇ ಸೇರಿಸಿದೆ. ಸ್ಟಾಪ್‌ಲಾಸ್ ಹೊಡೆದು ಹೋದ 2,280 ರೂಪಾಯಿ ಕೂಡ ನನ್ನದೇ, ನನ್ನ ಲೆಕ್ಕ ತಪ್ಪಿ ಹೋದದ್ದು, ಅದನ್ನು ಕೇಳುತ್ತಿಲ್ಲ. ಕೇಳುತ್ತಿರುವುದು ನೀವು ಹೇಳದೆ ಮುಚ್ಚಿಟ್ಟ ಆರ್ಡರ್‌ನ ನಷ್ಟ. 812.40ರಿಂದ 791.30ಕ್ಕೆ, 400 ಷೇರಿಗೆ 8,440 ರೂಪಾಯಿ. ಸ್ಕ್ವೇರ್ ಆಫ್ ದಂಡ ಜಿಎಸ್‌ಟಿ ಸೇರಿ 59. ಎರಡು ಕಡೆಯ ಬ್ರೋಕರೇಜ್ ಜಿಎಸ್‌ಟಿ ಸೇರಿ 47.20. ಒಟ್ಟು 8,546 ರೂಪಾಯಿ 20 ಪೈಸೆ. ಎರಡನೆಯದೇ ಹೆಚ್ಚುವರಿ ಆರ್ಡರ್ ಅಂತ ನೀವು ವಾದಿಸಿದರೆ ಷೇರಿನ ನಷ್ಟ 8,520 ಆಗುತ್ತದೆ, ಅಂದರೆ ನೀವು ಕೊಡಬೇಕಾದದ್ದೇ 80 ರೂಪಾಯಿ ಜಾಸ್ತಿ. ಎಸ್‌ಟಿಟಿ (ಷೇರು ವಹಿವಾಟಿನ ಮೇಲಿನ ತೆರಿಗೆ) ಇತ್ಯಾದಿ ಬಿಟ್ಟಿದ್ದೇನೆ, ಹೋಗಲಿ.

ಇಮೇಲ್‌ನಲ್ಲಿ ನಿಮ್ಮವರು "ಎಪಿಐ ಬಳಕೆ ಗ್ರಾಹಕರ ಸ್ವಂತ ಹೊಣೆ" ಎಂದು ಬರೆದಿದ್ದಾರೆ. ಷೇರು ಏರುವುದು ಇಳಿಯುವುದು ನನ್ನ ಹೊಣೆ, ಸರಿ. ನಿಮ್ಮ ಸರ್ವರ್ ನಿಜ ಹೇಳುವುದು ಯಾರ ಹೊಣೆ? 2025ರ ಫೆಬ್ರವರಿಯಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ, ಸಣ್ಣ ಹೂಡಿಕೆದಾರರ ಆಲ್ಗೊ ಟ್ರೇಡಿಂಗ್ (ಪ್ರೋಗ್ರಾಮ್ ಮೂಲಕ ಷೇರು ವ್ಯವಹಾರ) ಬಗ್ಗೆ ಹೊರಡಿಸಿದ ಸುತ್ತೋಲೆ ಇದೆಯಲ್ಲ, ನನ್ನ ಹತ್ತಿರ ಐಪಿ ವಿಳಾಸ ಕೇಳಲು ನೀವು ತೋರಿಸಿದ್ದು ಅದನ್ನೇ. ಆಲ್ಗೊ ಟ್ರೇಡಿಂಗ್‌ಗೆ ಸಂಬಂಧಿಸಿದ ಹೂಡಿಕೆದಾರರ ದೂರುಗಳನ್ನು ನೋಡಿಕೊಳ್ಳುವ ಹೊಣೆ ಪೂರ್ತಿ ಬ್ರೋಕರ್‌ದೇ ಅಂತ ಅದರಲ್ಲೇ ಇದೆ. ನನಗೆ ಬೇಕಾದ ಪುಟ ಬಿಟ್ಟು ನಿಮಗೆ ಬೇಕಾದ ಪುಟ ಮಾತ್ರ ಓದಿದರೆ ಹೇಗೆ?

ಈಗ ನನಗೆ ಬೇಕಾದದ್ದು. ದುಡ್ಡು ವಾಪಸ್, ಅದು ಒಂದು. ಜೊತೆಗೆ ಅವತ್ತು 9:20ರಿಂದ 9:22ರ ತನಕ ನನ್ನ ಖಾತೆಗೆ ಸೇರಿದ ಲಾಗ್ ಕೊಡಿ: ಮೊದಲ ಆರ್ಡರ್ ನಿಮ್ಮ ಬಾಗಿಲಿಗೆ ಯಾವಾಗ ಬಂತು, ಎಕ್ಸ್‌ಚೇಂಜ್‌ನಿಂದ ಉತ್ತರ ಯಾವಾಗ ಬಂತು, ಆರ್ಡರ್ ಬುಕ್‌ನಲ್ಲಿ ಅದು ಮೊದಲು ಕಾಣಿಸಿದ್ದು ಯಾವಾಗ. ಈ ತೊಂದರೆ ಅವತ್ತು ಒಟ್ಟು ಎಷ್ಟು ನಿಮಿಷ ಇತ್ತು, ಎಕ್ಸ್‌ಚೇಂಜ್‌ಗೆ ತಿಳಿಸಿದ್ದೀರಾ ಅಂತಲೂ ಹೇಳಿ, ಯಾಕೆಂದರೆ ನಿಮ್ಮ ಸ್ಟೇಟಸ್ ಪುಟ ಇಡೀ ದಿನ ಹಸಿರಾಗಿಯೇ ಇತ್ತು, ಸಂಜೆ ಆರರ ತನಕ ಸ್ಕ್ರೀನ್‌ಶಾಟ್ ತೆಗೆದಿದ್ದೇನೆ.

ಇನ್ನೊಂದು ಬೇಡಿಕೆ, ಇದು ನನ್ನೊಬ್ಬನಿಗಲ್ಲ. ಪ್ರತಿ ಆರ್ಡರ್ ಜೊತೆ ನಾನು ಒಂದು ಟ್ಯಾಗ್ ಕಳಿಸುತ್ತೇನೆ, ದಿನಾಂಕ ಮತ್ತು ಸರಣಿ ಸಂಖ್ಯೆ ಸೇರಿಸಿ. ಅವತ್ತಿನ ಎರಡೂ ಆರ್ಡರ್‌ನಲ್ಲಿ ಟ್ಯಾಗ್ ಒಂದೇ ಇತ್ತು. ನೀವು ಅದನ್ನು ಸುಮ್ನೆ ಬರೆದಿಟ್ಟುಕೊಳ್ಳುತ್ತೀರಿ, ನೋಡುವುದಿಲ್ಲ. ಒಂದೇ ಟ್ಯಾಗ್‌ನ ಎರಡನೆಯ ಖರೀದಿ ಒಂದು ನಿಮಿಷದ ಒಳಗೆ ಬಂದರೆ "ಇದು ಆಗಲೇ ಬಂದಿದೆ, ಇದರ ನಂಬರ್ ಇಂಥದ್ದು" ಅಂತ ವಾಪಸ್ ಕಳಿಸುವುದು ಕಷ್ಟದ ಕೆಲಸವೇ? ನನ್ನಂಥ ಜೆರಾಕ್ಸ್ ಅಂಗಡಿಯವನೇ ಒಂದು ಭಾನುವಾರದಲ್ಲಿ ಬರೆದುಬಿಡಬಹುದು.

ಪ್ರೋಗ್ರಾಮ್‌ನ ಲಾಗ್, ಎರಡು ಖಾಲಿ ಪಟ್ಟಿಯ ಉತ್ತರಗಳು, ಕಾಂಟ್ರಾಕ್ಟ್ ನೋಟ್, ಸ್ಟೇಟಸ್ ಪುಟದ ಚಿತ್ರಗಳು ಎಲ್ಲವನ್ನೂ ಇದರ ಜೊತೆ ಇಟ್ಟಿದ್ದೇನೆ. ಒಂದು ವಾರದಲ್ಲಿ ಸರಿಯಾದ ಉತ್ತರ ಬರದಿದ್ದರೆ ಇದೇ ಕಡತ ಸೆಬಿಯ ದೂರು ಪೋರ್ಟಲ್ ಸ್ಕೋರ್ಸ್‌ಗೆ ಹೋಗುತ್ತದೆ, ಅಲ್ಲಿ 21 ದಿನದಲ್ಲಿ ನೀವು ಉತ್ತರ ಕೊಡಲೇಬೇಕು. ಅದೂ ಆಗದಿದ್ದರೆ ಸ್ಮಾರ್ಟ್ ಓಡಿಆರ್, ಅಂದರೆ ಆನ್‌ಲೈನ್‌ನಲ್ಲಿ ವ್ಯಾಜ್ಯ ಬಗೆಹರಿಸುವ ವೇದಿಕೆ. ಈಗಲೇ ಕುಳಿತು ಆ ಲಾಗ್ ತೆರೆದು ನೋಡಿದರೆ ಇಬ್ಬರಿಗೂ ಅಷ್ಟು ಓಡಾಟ ಬೇಕಾಗುವುದಿಲ್ಲ.

ಫೋನ್ ಮಾಡುವುದಾದರೆ ಬೆಳಿಗ್ಗೆ 11ರ ಮೇಲೆ ಮಾಡಿ, ಅದಕ್ಕೂ ಮೊದಲು ಅಂಗಡಿಯಲ್ಲಿ ಮಾತಾಡಲು ಆಗುವುದಿಲ್ಲ. ಎಪಿಐ ಗೊತ್ತಿರುವವರೇ ಮಾಡಲಿ.

ಇಂತಿ,
ನಿಮ್ಮ ಗ್ರಾಹಕ
ದಾವಣಗೆರೆ