ಒದ್ದೆಯ ಊರಿಗೆ ಹೊರಟ ಮಗಳಿಗೆ

ಶಿರಸಿ ಸೀಮೆಯಿಂದ, ಶುಕ್ರವಾರ ರಾತ್ರಿ

ತಂಗೀ,

ಈ ಪತ್ರವನ್ನು ಕೆಳಗಿನ ಮನೆ ಹುಡುಗನ ಕೈಲಿ ಕಳಿಸುತ್ತಿದ್ದೇನೆ. ನಾಳೆ ರಾತ್ರಿ ಬಸ್ಸಿಗೆ ಹೊರಟಿದ್ದಾನೆ, ಭಾನುವಾರ ನಿನ್ನ ಪೀಜಿಗೇ ಬಂದು ಕೊಡುತ್ತೇನೆ ಎಂದಿದ್ದಾನೆ. ನಿನ್ನ ವಿಮಾನ ಮಂಗಳವಾರ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಹನ್ನೆರಡು ದಿನದಿಂದ ನೀನು ಫೋನು ಮಾಡಿದಾಗಲೆಲ್ಲ "ಆಯಿಗೆ ಕೊಡು" ಎನ್ನುತ್ತೀಯ, ನಾನೂ ಕೊಟ್ಟುಬಿಡುತ್ತೇನೆ.

ಆ ಭಾನುವಾರ ಜಗಲಿಯಲ್ಲಿ ಆದದ್ದನ್ನು ಮತ್ತೆ ಬರೆಯುವುದಿಲ್ಲ. ಅಜ್ಜಿಯ ಎದುರಿಗೆ ಹಾಗೆ ಕೂಗಬಾರದಿತ್ತು. ಕೂಗಿದ್ದು ನಾನು.

ನಿನ್ನ ಐರ್ಲೆಂಡಿಗೆಂದು ನಾನು ತಂದ ಕೋಟಿನ ವಿಷಯ ಮಾತ್ರ ಬರೆಯುತ್ತೇನೆ. ನೀನು ಬೇಡವೆಂದು ಬಿಟ್ಟುಹೋದ ಮೇಲೆ ಅದು ನಡುಮನೆಯ ಮಂಚದ ಮೇಲೇ ಇತ್ತು, ಯಾರೂ ಮುಟ್ಟಲಿಲ್ಲ. ಮೂರನೆಯ ದಿನ ಕಪಾಟಿಗೆ ಎತ್ತಿಡಲು ಹೋದರೆ ಕಾಲರಿನ ಒಳಮೈಗೆ ಬೂಷ್ಟು ಹಿಡಿದಿತ್ತು. ಜುಲೈಯಲ್ಲಿ ತಂದ ಕೋಟು, ಒಂದು ಮಳೆಗಾಲವನ್ನೂ ಪೂರ್ತಿ ಕಾಣದೆ ಬೂಷ್ಟು. ನನಗೆ ಏನನ್ನಿಸಿತೋ, ಅಂಗಳಕ್ಕೆ ತಂದು ಅದರ ಒಂದು ತೋಳನ್ನು ಸೂರಿನ ನೀರಿಗೆ ಹಿಡಿದೆ. ಮೊದಲು ನೀರು ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ಜಾರಿತು. ಹತ್ತು ನಿಮಿಷಕ್ಕೆ ಹೊಲಿಗೆಯ ಸಾಲಿನಿಂದ ಒಳಗಿಳಿಯಿತು. ದಿಂಬಿನಂತೆ ಉಬ್ಬಿದ್ದ ತೋಳು ಹಿಂಡಿದ ಪಂಚೆಯಂತೆ ಜೋತುಬಿತ್ತು. ಒಳಗಿನ ಬಾತುಕೋಳಿ ಪುಕ್ಕವೆಲ್ಲ ಮುದ್ದೆಮುದ್ದೆ. ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹಾಕಿದ್ದು ಒಣಗಲು ಮೂರು ದಿನ ಬೇಕಾಯಿತು. ಒಣಗಿದ ಮೇಲೂ ಗಂಟು ಬಿಡಲಿಲ್ಲ, ವಾಸನೆಗೆ ಅಜ್ಜಿ ಬಚ್ಚಲಿಗೇ ಹೋಗಲೊಲ್ಲಳು.

ನೀನು ಹೇಳಿದ್ದು ಸರಿ, ಅದು ಆ ಊರಿಗೆ ಆಗುವ ಕೋಟಲ್ಲ. ಹುಬ್ಬಳ್ಳಿಯ ಅಂಗಡಿಯವನು "ಮೈನಸ್ 20 ಡಿಗ್ರಿಗೂ ಸಾಕು" ಎಂದ. ಆ ಒಂದು ಮಾತಿಗೆ ನಾನು 14 ಸಾವಿರ ಎಣಿಸಿದೆ. ನೀನು ಹೋಗುತ್ತಿರುವ ಕಾರ್ಕಿನಲ್ಲಿ ಮೈನಸ್ 20 ಎಲ್ಲಿದೆ? ಗಾಲ್ವೇಯಲ್ಲಿ ಆರು ವರ್ಷ ಇದ್ದು ಬಂದ ನಿನ್ನ ಆಯಿಯ ಕಡೆಯ ಹುಡುಗನಿಗೆ ಫೋನು ಮಾಡಿ ಒಂದು ತಾಸು ಕೇಳಿದೆ. ಐರ್ಲೆಂಡು ಅಷ್ಟು ಉತ್ತರಕ್ಕಿದ್ದರೂ ಅಟ್ಲಾಂಟಿಕಿನ ಬೆಚ್ಚಗಿನ ಪ್ರವಾಹ ಅದನ್ನು ಹೆಪ್ಪುಗಟ್ಟಲು ಬಿಡುವುದಿಲ್ಲವಂತೆ. ಕಾರ್ಕಿನಲ್ಲಿ ಜನವರಿಯ ಹಗಲು 8 ಡಿಗ್ರಿಯ ಆಸುಪಾಸು, ರಾತ್ರಿ 3ರ ಹತ್ತಿರ, ಹಿಮ ಬಿದ್ದರೆ ಅದೇ ದೊಡ್ಡ ಸುದ್ದಿ. ವರ್ಷಕ್ಕೆ ಸುಮಾರು 1200 ಮಿಲಿಮೀಟರ್ ಮಳೆ. ನಮ್ಮಲ್ಲಿ ಅದರ ಎರಡರಷ್ಟು ಸುರಿಯುತ್ತದೆ. ಆದರೆ ನಮ್ಮದು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಸುವ ಮಳೆ. ಅವರದು ಹನ್ನೆರಡು ತಿಂಗಳೂ ಜಿಟಿಜಿಟಿ, ಜೊತೆಗೆ ಗಾಳಿ. ಕೊಡೆ ಹಿಡಿದರೆ ಕಡ್ಡಿ ಮಾತ್ರ ಕೈಲಿ ಉಳಿಯುತ್ತದೆ ಎಂದ.

ಮಳೆ ಎಂದರೇನೆಂದು ಗೊತ್ತಿಲ್ಲದವರು ಅಂಥ ಕೋಟು ತಂದಿದ್ದರೆ ಒಂದು ಮಾತಾಗಿತ್ತು. ನಿನ್ನ ಅಜ್ಜ ಕಂಬಳಿಕೊಪ್ಪೆ ಹಾಕಿಕೊಂಡು ಆಷಾಢವಿಡೀ ತೋಟದಲ್ಲಿ ಇರುತ್ತಿದ್ದರು. ಕುರುಬರು ನೇಯ್ದು, ಹುಣಸೆಬೀಜದ ಗಂಜಿ ಕುಡಿಸಿದ ಕರಿ ಕಂಬಳಿ. ಮೇಲೆ ನೀರು ಇಳಿಯುತ್ತಿದ್ದರೂ ಕೊಪ್ಪೆಯೊಳಗೆ ಕೈ ಹಾಕಿದರೆ ಬೆಚ್ಚಗೆ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲವಂತೆ. ಅದನ್ನು ಈಗ ಓದಿದೆ. ಕೊಪ್ಪೆಯೊಳಗೆ ಅಜ್ಜನ ಹೆಗಲ ಮೇಲೆ ಕೂತು ನಾನು ಅದನ್ನು ನಾಲ್ಕನೇ ವರ್ಷಕ್ಕೇ ಬಲ್ಲೆ. ಆದರೂ ಅಂಗಡಿಯಲ್ಲಿ ನಿಂತಾಗ ಅದು ನೆನಪಾಗಲಿಲ್ಲ. ನೆನಪಾದದ್ದು ಬೇರೆ.

ನೀನು ಐದನೇ ಇಯತ್ತೆ. ಆ ವರ್ಷದ ರೇನ್‌ಕೋಟು ನಿನಗೆ ನೆನಪಿದೆಯೋ ಇಲ್ಲವೋ, ನೀಲಿಯದು, ಎಡಭುಜದ ಹೊಲಿಗೆ ಬಿಟ್ಟಿತ್ತು. ನೀನು ಮೂರು ಸಲ ಹೇಳಿದ್ದೆ. ನಾನು ಸೈಕಲ್ ಟ್ಯೂಬಿನ ತುಂಡು ಇಟ್ಟು ಸೊಲ್ಯೂಷನ್ ಹಾಕಿ ಅಂಟಿಸಿಕೊಟ್ಟೆ. ಆಸ್ಪತ್ರೆಯ ಒಂಬತ್ತು ದಿನ ನಿನಗೂ ಗೊತ್ತು, ಅದು ಬೇಡ. ನಿನಗೆ ಗೊತ್ತಿಲ್ಲದ್ದು ಅದರ ಹಿಂದಿನ ವಾರದ್ದು.

ಹಿಂದಿನ ವಾರ ನಾನು ಪೇಟೆಗೆ ಹೋಗಿದ್ದೆ. ಅಡಿಕೆ ತೋಟಕ್ಕೆ ಕೊಳೆರೋಗ ಬಿದ್ದಿತ್ತು, ಎರಡನೇ ಸಲದ ಔಷಧಿ ಹೊಡೆಯಲು ಮೈಲುತುತ್ತ ತರಬೇಕಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಮಕ್ಕಳ ರೇನ್‌ಕೋಟು ತೂಗಹಾಕಿದ್ದರು. ಹಳದಿ ಬಣ್ಣ, ನಿನ್ನ ಅಳತೆಯದೇ, 240 ರೂಪಾಯಿ. ಕೈಗೆತ್ತಿಕೊಂಡು ಭುಜದ ಹೊಲಿಗೆ ಎಳೆದು ನೋಡಿದೆ, ಗಟ್ಟಿಯಾಗಿತ್ತು. ಕಿಸೆಯಲ್ಲಿ ದುಡ್ಡಿತ್ತು. ಒಂದು ಕಿಲೋ ಮೈಲುತುತ್ತ ಕಡಿಮೆ ತಂದರೆ ಆಗುತ್ತಿತ್ತು. ಇನ್ನೊಂದು ತಿಂಗಳು ಮಳೆ, ಅಂಟಿಸಿದ್ದು ತಡೆದೀತು ಎಂದು ಮತ್ತೆ ಮೊಳೆಗೆ ಸಿಕ್ಕಿಸಿ ಬಂದೆ. ಆ ಮೊಳೆ ಈಗಲೂ ಕಣ್ಣೆದುರಿಗಿದೆ.

ಆಮೇಲಿನ ಬುಧವಾರ ಆ ಅಂಟು ಬಿಟ್ಟಿತು. ಹಳ್ಳದ ಸಂಕ ದಾಟುವಾಗಲೇ ನೀನು ತೋಯ್ದಿದ್ದೆಯಂತೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆವರೆಗೆ ಒದ್ದೆ ಬಟ್ಟೆಯಲ್ಲೇ ಬೆಂಚಿನ ಮೇಲೆ ಕೂತಿದ್ದೆ. ಮನೆಗೆ ಬಂದಾಗ ತುಟಿ ನೇರಳೆ ಹಣ್ಣು ತಿಂದ ಹಾಗಿತ್ತು. "ಅಪ್ಪಯ್ಯಾ, ಚಳಿ ಆಗ್ತು" ಎಂದೆ. ನಾನು ಬೈಯಬಹುದೆಂದು ಹೆದರಿ, ನಾನು ಕೇಳುವ ಮೊದಲೇ, "ಕೋಟಿಗೆ ಎಂತೂ ಆಜಿಲ್ಲೆ" ಎಂದೆ. ಹರಿದ ಭುಜವನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದೆ.

ನಿನ್ನನ್ನು ಆಸ್ಪತ್ರೆಗೆ ಸೇರಿಸಿದ ಆ ಎದೆಯ ರೋಗ ಬರುವುದು ಕ್ರಿಮಿಯಿಂದ, ಒದ್ದೆಯಾದದ್ದರಿಂದಲ್ಲ ಎಂದು ಡಾಕ್ಟರು ನನಗೆ ಬಿಡಿಸಿ ಹೇಳಿದರು. ಒಳ್ಳೆಯ ಮನುಷ್ಯ. ನಾನು ತಲೆ ಆಡಿಸಿದೆ, ಆದರೆ ಆ ಮಾತು ಒಳಗೆ ಹೋಗಲಿಲ್ಲ. ಇವತ್ತಿಗೂ ಹೋಗಿಲ್ಲ. ಮಳೆಗಾಲದಲ್ಲಿ ನೀನು ಹಾಸ್ಟೆಲ್ಲಿನಿಂದ ಫೋನು ಮಾಡಿದರೂ ಮೊದಲು ಕೆಮ್ಮು ಕೇಳಿಸುತ್ತದೆಯೇ ಎಂದು ಕಿವಿ ಕೊಡುತ್ತಿದ್ದೆ. ಆಯಿಗೆ ಇದು ಗೊತ್ತು. 240 ರೂಪಾಯಿಯದು ಆಯಿಗೂ ಗೊತ್ತಿರಲಿಲ್ಲ. ಮೊನ್ನೆ ಬಚ್ಚಲಿನಲ್ಲಿ ಕೋಟಿನ ತೋಳು ತಿರುವಿ ಹಾಕುವಾಗ ಹೇಳಿದೆ. ಏನೂ ಅನ್ನಲಿಲ್ಲ. ಒಲೆಗೆ ಇನ್ನೊಂದು ಕುಂಟೆ ದೂಡಿದಳು.

ಹುಬ್ಬಳ್ಳಿಯಲ್ಲಿ ನಿನ್ನನ್ನು ಕೇಳದೆ ಅಂಗಡಿಯಲ್ಲಿದ್ದುದರಲ್ಲೇ ಎಲ್ಲಕ್ಕಿಂತ ದಪ್ಪನೆಯದನ್ನು ತಂದದ್ದು ಹೀಗೆ. ಅದನ್ನು ನೀನು ಬೇಡವೆಂದಾಗ ನಾನು ಆಡಿದ ಮಾತು ತಪ್ಪು. ನಿನ್ನ ದುಡಿಮೆಯ ದುಡ್ಡಿನ ಬಗ್ಗೆ ಆಡಿದ್ದಂತೂ ದೊಡ್ಡ ತಪ್ಪು. ಎರಡು ವರ್ಷ ಆ ಪೀಜಿಯಲ್ಲಿ ಊಟದಲ್ಲೂ ಉಳಿಸಿ ಫೀಯ ಅರ್ಧ ನೀನೇ ಕೂಡಿಸಿದ್ದೀಯ. ಸೊಸೈಟಿಯಲ್ಲಿ ಅಡಿಕೆ ತೂಗಿಸುವಾಗ ಯಾರೇ ಸಿಕ್ಕಿದರೂ ನಾನು ಮೊದಲು ಹೇಳುವುದು ಅದನ್ನೇ. ನಿನ್ನೆದುರಿಗೆ ಮಾತ್ರ ಒಂದು ಸಲವೂ ಹೇಳಿಲ್ಲ.

ಈಗ ಕೋಟು. ಇಲ್ಲಿ ಯಾವುದನ್ನೂ ಕೊಳ್ಳಬೇಡ. ಹೋದ ಮೇಲೆ ಅಲ್ಲೇ ಕೊಳ್ಳು, ಆ ಮಳೆ ಕಂಡ ಅಂಗಡಿಯವರ ಹತ್ತಿರ. ಸೆಪ್ಟೆಂಬರಿನಲ್ಲಿ ಅವಸರವಿಲ್ಲ, ಒಂದು ಸ್ವೆಟರು ಮತ್ತು ತೆಳು ಜಾಕೆಟಿನಲ್ಲಿ ನಡೆಯುತ್ತದೆ. ಆದರೆ ಅಕ್ಟೋಬರ್ ದಾಟಿಸಬೇಡ.

ಒಂದೇ ದಪ್ಪ ಕೋಟಿನಲ್ಲಿ ಎಲ್ಲವೂ ಆಗಲಿ ಎಂದು ಹುಡುಕಬೇಡ, ನಾನು ಮಾಡಿದ ತಪ್ಪೇ ಅದು. ನೀರು ತಡೆಯುವುದು ಬೇರೆ, ಬಿಸಿ ಹಿಡಿಯುವುದು ಬೇರೆ ಇರಲಿ. ಮೈಗಂಟಿ ತೆಳ್ಳನೆಯ ಉಣ್ಣೆಯ ಬನಿಯನ್ನು, ಅದರ ಮೇಲೆ ಸ್ವೆಟರೋ ಫ್ಲೀಸೋ, ಎಲ್ಲಕ್ಕೂ ಮೇಲೆ ನೀರೂ ಗಾಳಿಯೂ ನುಗ್ಗದ ಕೋಟು. ಅಲ್ಲಿ ಬಸ್ಸಿನೊಳಗೆ, ಕ್ಲಾಸಿನೊಳಗೆ ಹೀಟರು ಇರುತ್ತದೆ. ದಪ್ಪ ಕೋಟಿನಲ್ಲಿ ಬೆವರಿ, ಆ ಬೆವರಿನಲ್ಲೇ ಹೊರಗೆ ಬಂದರೆ ಮಳೆಯಲ್ಲಿ ನೆಂದಷ್ಟೇ ಕೆಟ್ಟದ್ದು. ನೀರು ಮೈಬಿಸಿಯನ್ನು ನಿಂತ ಗಾಳಿಗಿಂತ ಇಪ್ಪತ್ತೈದು ಪಟ್ಟು ಬೇಗ ಎಳೆದುಕೊಂಡು ಹೋಗುತ್ತದಂತೆ. 8 ಡಿಗ್ರಿಯಲ್ಲಿ ಒದ್ದೆಯಾದವರು ಒಣ ಹಿಮದಲ್ಲಿ ನಿಂತವರಿಗಿಂತ ಹೆಚ್ಚು ನಡುಗುವುದು ಅದಕ್ಕೇ. ಒಳಗೆ ಹತ್ತಿಯ ಹುಡೀ ಬೇಡ, ಜೀನ್ಸೂ ಮಳೆಯ ದಿನ ಬೇಡ. ಹತ್ತಿ ನೆಂದರೆ ಒಣಗುವುದಿಲ್ಲ, ನೆಂದದ್ದನ್ನು ಮೈಗೇ ಅಂಟಿಸಿಕೊಂಡಿರುತ್ತದೆ.

ಒಳಗೆ ಹತ್ತಿಯಂಥದ್ದು ತುಂಬಿದ ಜಾಕೆಟೇ ಬೇಕೆನಿಸಿದರೆ ಪುಕ್ಕದ್ದು ಬೇಡ, ಪಾಲಿಯೆಸ್ಟರ್ ತುಂಬಿದ್ದು ಸಾಕು. ನೆಂದರೂ ಅದು ಪುಕ್ಕದಷ್ಟು ಕುಸಿಯುವುದಿಲ್ಲ, ಬೇಗ ಒಣಗುತ್ತದೆ. ಉದ್ದನೆಯ ಉಣ್ಣೆಯ ಓವರ್‌ಕೋಟು ನೋಡಲು ಚೆಂದ, ತುಂತುರು ತಡೆಯುತ್ತದೆ, ಆದರೆ ಸರಿಯಾದ ಮಳೆಯಲ್ಲಿ ನೆಂದರೆ ನಿನ್ನ ಸಣ್ಣ ಕೋಣೆಯಲ್ಲಿ ಅದನ್ನು ಒಣಗಿಸುವುದೆಲ್ಲಿ? ಅಲ್ಲಿ ಬಚ್ಚಲೊಲೆ ಇಲ್ಲ.

ಮೇಲಿನ ಕೋಟು ತೊಡೆಯ ಅರ್ಧದವರೆಗೆ ಬರಲಿ. ಸೊಂಟಕ್ಕೆ ನಿಲ್ಲುವ ಕೋಟಿನಿಂದ ನೀರೆಲ್ಲ ತೊಡೆಗಿಳಿಯುತ್ತದೆ. ತಲೆಯ ಟೊಪ್ಪಿಗೆ ಮುಂದೆ ಸ್ವಲ್ಪ ಅಂಚು ಇರಲಿ, ಎಳೆದು ಬಿಗಿಯುವ ದಾರ ಇರಲಿ. ಇಲ್ಲದಿದ್ದರೆ ಆ ಗಾಳಿಗೆ ನಿಲ್ಲುವುದಿಲ್ಲ. ಮುಂಗೈ ಹತ್ತಿರ ಬಿಗಿಯುವ ಪಟ್ಟಿ ನೋಡು. ಚೀಟಿಯ ಮೇಲೆ 10,000 ಮಿಲಿಮೀಟರ್ ಅಥವಾ ಹೆಚ್ಚು ಎಂದು ಬರೆದಿರುತ್ತದೆ. ಬಟ್ಟೆ ಅಷ್ಟು ಎತ್ತರದ ನೀರಿನ ಒತ್ತಡವನ್ನು ತಡೆಯುತ್ತದೆ ಎಂದರ್ಥ. ಅದಕ್ಕಿಂತ ಕಡಿಮೆಯದು ಬೇಡ. ಕಂಕುಳ ಕೆಳಗೆ ಜಿಪ್ಪು ಇದ್ದರೆ ಒಳ್ಳೆಯದು. ಅಡಿಕೆಕೊನೆಗೆ ಮಳೆಗಾಲದಲ್ಲಿ ಪ್ಲಾಸ್ಟಿಕ್ ಕೊಟ್ಟೆ ಕಟ್ಟುವಾಗ ಕೆಳಬಾಯಿ ಬಿಡುತ್ತೇವಲ್ಲ, ಹಾಗೆ. ಪೂರ್ತಿ ಮುಚ್ಚಿದರೆ ಹೊರಗಿನ ನೀರು ಬರದಿದ್ದರೂ ಒಳಗಿನ ಬೆವರಿಗೇ ಕಾಯಿ ಕೊಳೆಯುತ್ತದೆ. ಸ್ವೆಟರು ಹಾಕಿಕೊಂಡೇ ಅಂಗಡಿಗೆ ಹೋಗು, ಕೋಟು ತೊಟ್ಟು ಎರಡೂ ಕೈ ಮೇಲೆತ್ತು, ಬೆನ್ನಲ್ಲಿ ಎಳೆದರೆ ಒಂದು ಅಳತೆ ದೊಡ್ಡದು ಕೇಳು. ಬಣ್ಣ ಕಪ್ಪು ಬೇಡ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತದೆ, ಮಳೆಯಲ್ಲಿ ಕಪ್ಪು ಕೋಟಿನವಳು ಕಾರಿನವನ ಕಣ್ಣಿಗೆ ಬೀಳುವುದಿಲ್ಲ. ಹಳದಿ ಸಿಕ್ಕಿದರೆ ಹಳದಿ.

ಕೊಂಡ ಮೇಲೆ ಒಗೆಯುವಾಗ ಬಟ್ಟೆ ಮೆದುಗೊಳಿಸುವ ಕಂಫರ್ಟಿನಂಥದ್ದು ಹಾಕಬೇಡ, ನೀರು ಜಾರಿಸುವ ಗುಣ ಹೋಗುತ್ತದೆ. ಹನಿ ಜಾರದೆ ಬಟ್ಟೆಗೆ ಹರಡತೊಡಗಿದರೆ, ಚೀಟಿಯಲ್ಲಿ ಬೇಡವೆಂದು ಬರೆದಿಲ್ಲದಿದ್ದರೆ, ಡ್ರೈಯರಿನಲ್ಲಿ ಸಣ್ಣ ಬಿಸಿಗೆ ಹಾಕು, ಮತ್ತೆ ಸ್ವಲ್ಪ ದಿನ ಜಾರುತ್ತದೆ. ಒದ್ದೆ ಬಟ್ಟೆಯನ್ನು ಕೋಣೆಯಲ್ಲೇ ಹರವಿ ಕಿಟಕಿ ಮುಚ್ಚಿಕೊಂಡು ಮಲಗಬೇಡ. ಗೋಡೆಗೆ ಬೂಷ್ಟು ಹಿಡಿಯುವುದು ಹಾಗೆಯೇ, ಎದೆಗೂ ಒಳ್ಳೆಯದಲ್ಲ. ಚಳಿಯೆಂದು ನೀನು ಕಿಟಕಿ ಮುಚ್ಚುವವಳೇ, ನನಗೆ ಗೊತ್ತು.

ಬೋಧನೆ ಆಯಿತು ಎನ್ನುತ್ತಿದ್ದಾಳೆ ಆಯಿ, ಹಿಂದಿನಿಂದ ಓದಿ. ಆಗಲಿ, ಇನ್ನೊಂದೇ ಮಾತು ಉಳಿದಿದೆ, ಹೊಲಿಗೆಯದು. ಬಟ್ಟೆ ಎಷ್ಟೇ ಒಳ್ಳೆಯದಿರಲಿ, ಸೂಜಿ ಹೋದಲ್ಲೆಲ್ಲ ತೂತು. ಒಳಗಿನಿಂದ ಪ್ರತಿ ಹೊಲಿಗೆಯ ಮೇಲೂ ಪಟ್ಟಿ ಅಂಟಿಸಿರಬೇಕು. ಭುಜದ ಮೇಲೆ, ಟೊಪ್ಪಿ ಕೂಡುವಲ್ಲಿ, ತೋಳು ಕೂಡುವಲ್ಲಿ. ಕೆಲವರು ಭುಜಕ್ಕೆ ಮಾತ್ರ ಅಂಟಿಸಿ ಉಳಿದದ್ದನ್ನು ಹಾಗೇ ಬಿಡುತ್ತಾರಂತೆ. ಅಂಗಡಿಯವರ ಎದುರಿಗೇ ಕೋಟನ್ನು ಒಳಗು ಹೊರಗು ಮಾಡಿ ನೋಡು, ನಾಚಬೇಡ. ಪಟ್ಟಿ ಎಲ್ಲಾದರೂ ಎದ್ದಿದ್ದರೆ ಮೊಳೆಗೆ ವಾಪಸು ಹಾಕಿ ಬಾ. ಬರೆಯುವಾಗ ಕೈ ಅದೇ ಶಬ್ದಕ್ಕೆ ಹೋಯಿತು, ನೋಡು.

ನಿನ್ನ ಖಾತೆಗೆ ಇವತ್ತು 15 ಸಾವಿರ ಹಾಕಿದ್ದೇನೆ. 150 ಯೂರೋದೊಳಗೆ ಒಳ್ಳೆಯದು ಸಿಗುತ್ತದೆ ಎಂದ ಗಾಲ್ವೇಯ ಹುಡುಗ. ಸಾಲದಿದ್ದರೆ ಕೇಳು. ಬೇಡವೆನ್ನಬೇಡ, ಇದೊಂದು ದುಡ್ಡು ಬೇಡವೆನ್ನಬೇಡ. ಈ ಕಟ್ಟಿನಲ್ಲಿ ಆಯಿ ಹೆಣೆದ ಉಣ್ಣೆಯ ಕಾಲುಚೀಲ ಎರಡು ಜೊತೆ, ಅಜ್ಜಿಯ ಶುಂಠಿ ತಂಬುಳಿಪುಡಿ ಇದೆ. ದಪ್ಪ ಕೋಟು ಇಲ್ಲೇ ಇರುತ್ತದೆ, ಅಂಗಡಿಯವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮಂಗಳವಾರ ಏರ್‌ಪೋರ್ಟಿಗೆ ನಾನು ಬರುವುದು ನಿನಗೆ ಬೇಡವಾದರೆ ಆಯಿ ಒಬ್ಬಳೇ ಬರುತ್ತಾಳೆ. ಬಾ ಎಂದರೆ ಸೋಮವಾರ ರಾತ್ರಿ ಬಸ್ಸಿಗೆ ಎರಡು ಸೀಟು ಹಿಡಿದಿಟ್ಟಿದ್ದೇನೆ.

ಕೋಟು ಕೊಂಡ ದಿನ ಫೋಟೋ ಕಳಿಸು. ತೊಟ್ಟುಕೊಂಡದ್ದು ಆಯಿಗೆ ಕಳಿಸು. ನನಗೆ ಒಳಮೈ ತಿರುಗಿಸಿದ್ದು ಕಳಿಸು, ಎಡಭುಜದ ಹೊಲಿಗೆ ಸರಿಯಾಗಿ ಕಾಣುವ ಹಾಗೆ.

ನಿನ್ನ
ಅಪ್ಪಯ್ಯ