ಸಂಶೋಧನಾ ಪೇಪರಿನಲ್ಲಿ ಹೆಸರಿಲ್ಲದವರಿಗೆ

ಕಳೆದ ವಾರ ನಿವೃತ್ತಿಯಾದೆ. ಫೋನ್ ಮಾಡಿದವರಿಗೆ, ಮೆಸೇಜ್ ಹಾಕಿದವರಿಗೆ, ಬೀಳ್ಕೊಡುಗೆಗೆಂದೇ ಊರೂರಿಂದ ಬಂದ ಹಳೆಯ ವಿದ್ಯಾರ್ಥಿಗಳಿಗೆ ಮನಸಾರೆ ಥ್ಯಾಂಕ್ಸ್. ಅವತ್ತು ಮೈಕ್ ಕೈಗೆ ಬಂದಾಗ ಗಂಟಲು ಕಟ್ಟಿತು. ಉಳಿದ ಮಾತು ಇಲ್ಲಿ ಬರೆಯುತ್ತಿದ್ದೇನೆ.

ಸಂಶೋಧನೆಯಲ್ಲಿ ನಾನು ಜಾಸ್ತಿ ಕೆಲಸ ಮಾಡಿದ್ದು ಚಿನ್ನದ ನ್ಯಾನೋಕಣಗಳ ಮೇಲೆ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳ ಮೇಲೆ. ಕುದಿಯುವ ಚಿನ್ನದ ಲವಣದ ದ್ರಾವಣಕ್ಕೆ ಸಿಟ್ರೇಟ್ (ಸಿಟ್ರಿಕ್ ಆಮ್ಲದ ಲವಣ) ಹಾಕಿದರೆ ತಿಳಿ ಹಳದಿ ಮಾಯವಾಗುತ್ತದೆ. ಸ್ವಲ್ಪ ಹೊತ್ತು ಕಪ್ಪು ನೀಲಿ. ಆಮೇಲೆ ನೋಡನೋಡುತ್ತಲೇ ದಾಳಿಂಬೆ ಕೆಂಪು. 1951ರಲ್ಲಿ ವಿಜ್ಞಾನಿ ಟರ್ಕೆವಿಚ್ ತೋರಿಸಿಕೊಟ್ಟ ದಾರಿ ಇದು. ಆ ಕೆಂಪು ಎಷ್ಟು ಸಲ ನೋಡಿದರೂ ನನಗೆ ಬೇಸರವಾಗಲಿಲ್ಲ. ಆದರೆ ಪಾತ್ರೆಯಲ್ಲಿ ಚೂರು ಕೊಳೆ ಉಳಿದರೂ ಸಾಕು, ಕಣಗಳು ಒಂದಕ್ಕೊಂದು ಅಂಟಿಕೊಂಡು ತಳ ಸೇರುತ್ತವೆ.

ಹಾಗಾಗಿ ಮೊದಲ ನಮಸ್ಕಾರ ನಮ್ಮ ಲ್ಯಾಬ್ ಅಟೆಂಡರ್ ಅಣ್ಣನಿಗೆ. ಚಿನ್ನವನ್ನೂ ಕರಗಿಸುವ ಆಮ್ಲಗಳ ಮಿಶ್ರಣವಾದ ಅಕ್ವಾ ರೀಜಿಯಾದಲ್ಲಿ ತೊಳೆದ ಫ್ಲಾಸ್ಕನ್ನು ಅವರು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಗಾಜಿನ ಮೇಲೆ ನೀರು ಒಂದೇ ಸಮ ಹರಡಬೇಕು. ಎಲ್ಲಾದರೂ ಹನಿಯಾಗಿ ನಿಂತರೆ, "ಇನ್ನೊಂದ್ಸಲ ಆಗ್ಬೇಕು ಮೇಡಂ" ಅನ್ನುತ್ತಿದ್ದರು. ನಮ್ಮ ಎಷ್ಟೋ ಪೇಪರುಗಳು ನಿಂತಿರುವುದು ಆ ಮಾತಿನ ಮೇಲೆ.

ಇನ್ನೊಬ್ಬರು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ನಡೆಸುತ್ತಿದ್ದವರು. 3 ಮಿಲಿಮೀಟರ್ ಅಗಲದ ತಾಮ್ರದ ಗ್ರಿಡ್ (ಸಣ್ಣ ಜಾಲರಿ) ಮೇಲೆ ಒಂದು ಹನಿ ಒಣಗಿಸಿ ಕೊಟ್ಟರೆ, 15-20 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ) ಕಣಗಳನ್ನು ಹುಡುಕಿ ತೋರಿಸುತ್ತಿದ್ದರು. ಚೆಂದದ ಜಾಗ ಒಂದು ಸಿಕ್ಕ ಕೂಡಲೇ ನಾನು ಸಾಕು ಅನ್ನುತ್ತಿದ್ದೆ. ಅವರು ಒಪ್ಪುತ್ತಿರಲಿಲ್ಲ. "ಬೇರೆ ಕಡೆನೂ ನೋಡೋಣ, ಇದೇ ಥರ ಇದ್ರೆ ಪೇಪರಿಗೆ ಹಾಕಿ." ವಿಜ್ಞಾನದಲ್ಲಿ ಪ್ರಾಮಾಣಿಕತೆ ಅಂದರೇನು ಅಂತ ನನ್ನ ವಿದ್ಯಾರ್ಥಿಗಳು ಕಲಿತದ್ದು ಆ ಕತ್ತಲೆ ಕೋಣೆಯಲ್ಲಿ, ನನ್ನ ಕ್ಲಾಸಿನಲ್ಲಿ ಅಲ್ಲ.

ದಾರಿ ಮಾಡಿಕೊಟ್ಟ ಹಿರಿಯರನ್ನೂ ನೆನೆಯಬೇಕು. ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರು 1976ರಲ್ಲಿ ಕಾನ್ಪುರದಿಂದ ಬೆಂಗಳೂರಿಗೆ ವಾಪಸ್ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಾದ ಐಐಎಸ್‌ಸಿಯಲ್ಲಿ ಘನಸ್ಥಿತಿ (ಗಟ್ಟಿ ವಸ್ತುಗಳ) ರಸಾಯನಶಾಸ್ತ್ರದ ವಿಭಾಗ ಕಟ್ಟಿದರು. 1989ರಲ್ಲಿ ವಿಜ್ಞಾನ ಸಂಶೋಧನೆಗೆಂದೇ ಇರುವ ಜವಾಹರಲಾಲ್ ನೆಹರೂ ಸೆಂಟರ್ ಶುರುವಾಯಿತು. ಇದೆಲ್ಲ ಇಲ್ಲೇ ಆಗಿದ್ದರಿಂದ, ಇಂಥ ಕೆಲಸಕ್ಕೆ ಹೊರದೇಶಕ್ಕೇ ಹೋಗಬೇಕು ಅಂತ ನನಗೆ ಯಾವತ್ತೂ ಅನ್ನಿಸಲಿಲ್ಲ.

ಮನೆಯವರಿಗೆ, ಮಕ್ಕಳಿಗೆ ಏನು ಹೇಳಲಿ? ರಾತ್ರಿ ಎಷ್ಟೊತ್ತಿಗೆ ಬಂದರೂ ಊಟ ಮುಚ್ಚಿಟ್ಟಿರುತ್ತಿತ್ತು.

ಇನ್ನಿಬ್ಬರ ಥೀಸಿಸ್ ಬಾಕಿ ಇದೆ. ಬರೆದಷ್ಟನ್ನು ಮನೆಗೆ ಕಳಿಸಿ, ಓದಿಕೊಡುತ್ತೇನೆ. ಕೃತಜ್ಞತೆಯ ಪುಟದಲ್ಲಿ ಅಣ್ಣನ ಹೆಸರು ಬಿಡಬೇಡಿ.